ಬೆಳಕಿನ ಗೆರೆಗಳು ಮತ್ತು ಒಂದು ಕೃದಂತದ ತಪ್ಪು

ವಿಜ್ಞಾನವನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ಎದುರಾಗುವ ತೊಡಕುಗಳನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಸಮಸ್ಯೆಯನ್ನೇ ಮುಂದಿಡುತ್ತೇವೆ. ತಕ್ಕ ಪದಕೋಶವೊಂದು ಸಿದ್ಧವಾದರೆ ಮುಕ್ಕಾಲು ಕೆಲಸ ಮುಗಿದಂತೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದವನು. ಆದರೆ ನನ್ನದೇ ಅನುವಾದವೊಂದರಲ್ಲಿ ಇಪ್ಪತ್ತು ವರ್ಷಗಳ ಕಾಲ ನನ್ನ ಕಣ್ಣಿಗೆ ಬೀಳದೆ ಉಳಿದ ತಪ್ಪು ಪಾರಿಭಾಷಿಕ ಪದದ್ದಾಗಿರಲಿಲ್ಲ; ಧಾತುವಿಗೆ ಹತ್ತಿದ ಒಂದು ಪ್ರತ್ಯಯದ್ದಾಗಿತ್ತು. ಆ ತಪ್ಪನ್ನು ಸಹೃದಯರ ಮುಂದೆ ನಿವೇದಿಸಿಕೊಳ್ಳುವುದು, ಅದನ್ನು ತಿದ್ದಲು ಹೊರಟಾಗ ಧಾತುಗಳು ಬೆಳಕನ್ನು ಸೂಸುವ ಮತ್ತು ಹೀರುವ ರೀತಿಯನ್ನು ಕುರಿತು ನಾನು ಅರಿತುಕೊಂಡುದನ್ನು ಹಂಚಿಕೊಳ್ಳುವುದು ಪ್ರಸ್ತುತ ಬರಹದ ಉದ್ದೇಶ.

1

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಜನಸಾಮಾನ್ಯರಿಗಾಗಿ ಸಿದ್ಧವಾಗುತ್ತಿದ್ದ ವಿಜ್ಞಾನದ ಕಿರುಹೊತ್ತಗೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಹೊಣೆ ನನ್ನ ಪಾಲಿಗೆ ಬಂದಿತ್ತು. ವಿಷಯ ಪರಮಾಣುವಿನ ರಚನೆ ಮತ್ತು ಬೆಳಕು. ಕನ್ನಡ ಅಧ್ಯಾಪಕನಾದ ನನಗೆ ಇದೆಲ್ಲ ಏಕೆ ಎಂಬ ಅಳುಕಿದ್ದರೂ ವಿಷಯತಜ್ಞರೊಬ್ಬರು ಪಾರಿಭಾಷಿಕ ಪದಗಳನ್ನು ನೋಡಿಕೊಡುವರೆಂಬ ಭರವಸೆ ದೊರೆತುದರಿಂದ ಒಪ್ಪಿಕೊಂಡೆ. ಪದಗಳ ಹುಡುಕಾಟ ನನಗೆ ಸಂತೋಷವನ್ನೇ ಕೊಟ್ಟಿತು. ಬೆಳಕು ಗಾಜಿನ ಪಟ್ಟಕದ ಮೂಲಕ ಹಾದು ಬಣ್ಣಗಳ ಪಟ್ಟಿಯಾಗಿ ಹರಡುವುದಕ್ಕೆ ಕನ್ನಡದಲ್ಲಿ ‘ವರ್ಣಪಟಲ’ ಎಂಬ ಪದವೂ ‘ರೋಹಿತ’ ಎಂಬ ಪದವೂ ಬಳಕೆಯಲ್ಲಿವೆ. ನಾನು ಎರಡನೆಯದನ್ನು ಆರಿಸಿಕೊಂಡೆ. ಅಮರಕೋಶವು ಬಾಗಿದ ಕಾಮನಬಿಲ್ಲನ್ನು ಇಂದ್ರಾಯುಧವೆಂದು ಕರೆದು, ಬಾಗದೆ ನೇರವಾಗಿರುವುದನ್ನು ರೋಹಿತವೆಂದು ಹೇಳುತ್ತದೆ. ಪ್ರಯೋಗಶಾಲೆಯ ತೆರೆಯ ಮೇಲೆ ನೇರವಾಗಿ ಚಾಚಿಕೊಂಡ ಬಣ್ಣದ ಪಟ್ಟಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದಿದ್ದೀತು? ಈ ಪದವನ್ನು ಮೊದಲು ಆಯ್ದವರ ಸೂಕ್ಷ್ಮತೆಯನ್ನು ಮೆಚ್ಚಿಕೊಂಡು ನಾನು ಮುಂದುವರಿದೆ.

ಪದಗಳ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ನಾನು ವಾಕ್ಯದ ವಿಷಯದಲ್ಲಿ ಎಡವಿದೆ. ಮೂಲದಲ್ಲಿ ಒಂದೆಡೆ ಮೂರು ಬಿಡಿ ವಾಕ್ಯಗಳಿದ್ದವು. ಎಲೆಕ್ಟ್ರಾನು ಬೀಜಕೇಂದ್ರದ ಸುತ್ತ ನಿರ್ದಿಷ್ಟ ಕಕ್ಷೆಗಳಲ್ಲಿ ಸುತ್ತುತ್ತದೆ ಎಂಬುದು ಮೊದಲನೆಯದು. ಹಾಗೆ ಒಂದು ಕಕ್ಷೆಯಲ್ಲಿರುವಾಗ ಅದು ಬೆಳಕನ್ನು ಸೂಸುವುದಿಲ್ಲ ಎಂಬುದು ಎರಡನೆಯದು. ಮೇಲಿನ ಕಕ್ಷೆಯಿಂದ ಕೆಳಗಿನ ಕಕ್ಷೆಗೆ ಇಳಿದಾಗ ಮಾತ್ರ ಬೆಳಕು ಹೊರಡುತ್ತದೆ ಎಂಬುದು ಮೂರನೆಯದು. ಮೂರನೆಯ ವಾಕ್ಯದಲ್ಲಿಯೇ ಎರಡನೆಯದರ ಅರ್ಥ ಅಡಗಿದೆಯಾದ್ದರಿಂದ ಅದು ಪುನರುಕ್ತಿಯೆಂದು ಬಗೆದು ಕೈಬಿಟ್ಟೆ. ಉಳಿದೆರಡನ್ನು ಕನ್ನಡದ ಜಾಯಮಾನಕ್ಕೆ ಒಗ್ಗುವಂತೆ ಹೆಣೆದು, ‘ಎಲೆಕ್ಟ್ರಾನು ಬೀಜಕೇಂದ್ರವನ್ನು ಸುತ್ತುತ್ತ, ಮೇಲಿನಿಂದ ಕೆಳಗಿಳಿಯುತ್ತ ಬೆಳಕನ್ನು ಸೂಸುತ್ತದೆ’ ಎಂದು ಬರೆದೆ. ಕೃದಂತಾವ್ಯಯಗಳ ನೆರವಿನಿಂದ ಹಲವು ಕ್ರಿಯೆಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಕನ್ನಡದ ಶಕ್ತಿಗೆ ಈ ವಾಕ್ಯವನ್ನೇ ಉದಾಹರಣೆಯಾಗಿಟ್ಟು ಒಂದು ವಿಚಾರಗೋಷ್ಠಿಯಲ್ಲಿ ಮಾತನಾಡಿದ್ದೂ ಉಂಟು. ವಿಷಯತಜ್ಞರು ಪದಗಳಿಗೆ ಒಪ್ಪಿಗೆ ನೀಡಿದ್ದರು; ವಾಕ್ಯಗಳು ನನ್ನ ಹೊಣೆಯಾಗಿದ್ದವು.

ಕಳೆದ ಕೆಲವು ವರ್ಷಗಳ ಈಚಿನ ಮಾತು. ಬಿ.ಎಸ್ಸಿ. ತರಗತಿಯಲ್ಲಿ ನನ್ನಿಂದ ಭಾಷಾಪಾಠ ಕೇಳಿ, ಈಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಕೈಯಲ್ಲಿ ಆ ಹೊತ್ತಗೆಯಿತ್ತು.

“ಸರ್, ಒಂಬತ್ತನೆಯ ತರಗತಿಗೆ ಇದನ್ನೇ ಓದಿ ಹೇಳಿದೆ. ಅನ್ನದ ಗಂಜಿ ಉಕ್ಕಿ ಒಲೆಗೆ ಬಿದ್ದಾಗ ನೀಲಿ ಉರಿ ಹಳದಿಯಾಗುವುದು ಉಪ್ಪಿನಲ್ಲಿರುವ ಸೋಡಿಯಂನಿಂದ ಎಂದೂ ಹೇಳಿದೆ. ಒಬ್ಬ ಹುಡುಗಿ ಎದ್ದುನಿಂತು, ಎಲೆಕ್ಟ್ರಾನು ಯಾವಾಗಲೂ ಸುತ್ತುತ್ತಲೇ ಇರುತ್ತದಲ್ಲ ಮಿಸ್, ಸುತ್ತುತ್ತ ಬೆಳಕು ಸೂಸುವುದಾದರೆ ಕತ್ತಲಲ್ಲಿ ನಮ್ಮ ಮನೆಯ ಉಪ್ಪಿನ ಡಬ್ಬಿ ಏಕೆ ಹೊಳೆಯುವುದಿಲ್ಲ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿತ್ತು ಸರ್. ಆದರೆ ನಿಮ್ಮ ವಾಕ್ಯದಲ್ಲಿ ಅದು ಇರಲಿಲ್ಲ.”

ಕೊನೆಯ ಮಾತನ್ನು ಆಕೆ ತಲೆತಗ್ಗಿಸಿಕೊಂಡೇ ಹೇಳಿದಳು. ತಲೆತಗ್ಗಿಸಬೇಕಾದವನು ನಾನಾಗಿದ್ದೆ. ‘ಮಾಡುತ್ತ’ ಎಂಬುದು ಮುಖ್ಯಕ್ರಿಯೆಯೊಡನೆ ಏಕಕಾಲದಲ್ಲಿ ನಡೆಯುವ ಕ್ರಿಯೆಯನ್ನೂ ‘ಮಾಡಿ’ ಎಂಬುದು ಅದಕ್ಕೆ ಮುನ್ನ ಮುಗಿದ ಕ್ರಿಯೆಯನ್ನೂ ಸೂಚಿಸುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವನು, ಉತ್ತರಪತ್ರಿಕೆಗಳಲ್ಲಿ ಆ ಭೇದ ತಪ್ಪಿದವರ ಅಂಕಗಳನ್ನು ಕಳೆದವನು ನಾನು.

2

ಮರುದಿನ ಭೌತಶಾಸ್ತ್ರ ವಿಭಾಗದ ಹಿರಿಯ ಮಿತ್ರರೊಬ್ಬರಲ್ಲಿಗೆ ಹೋಗಿ ಹೊತ್ತಗೆಯನ್ನು ಮುಂದಿಟ್ಟೆ. ಅವರು ವಾಕ್ಯವನ್ನು ಎರಡು ಬಾರಿ ಓದಿ, “ಮೇಷ್ಟ್ರೇ, ಇದು 1913ಕ್ಕೆ ಮುಂಚಿನ ಪರಮಾಣು. ನೀವು ಬೋರ್‌ನನ್ನು ಬಿಟ್ಟುಬಿಟ್ಟಿದ್ದೀರಿ” ಎಂದು ನಕ್ಕರು. ಆ ನಗುವಿನಲ್ಲಿ ವ್ಯಂಗ್ಯವಿರಲಿಲ್ಲ. ಅವರು ವಿವರಿಸಿದುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಸಂಗ್ರಹಿಸುತ್ತೇನೆ.

ಪರಮಾಣುವಿನ ನಡುವೆ ಧನವಿದ್ಯುತ್ತಿನ ಪುಟ್ಟ ಬೀಜಕೇಂದ್ರವಿದೆಯೆಂದು 1911ರಲ್ಲಿ ರುದರ್‌ಫರ್ಡ್ ತೋರಿಸಿಕೊಟ್ಟನು. ಎಲೆಕ್ಟ್ರಾನುಗಳು ಅದರ ಸುತ್ತ ಗ್ರಹಗಳಂತೆ ಸುತ್ತುತ್ತವೆಂದು ಭಾವಿಸಿದರೆ ಒಂದು ಕಷ್ಟ ಎದುರಾಗುತ್ತಿತ್ತು. ಆವರೆಗಿನ ಭೌತಶಾಸ್ತ್ರದ ಪ್ರಕಾರ ಹಾಗೆ ಸುತ್ತುವ ವಿದ್ಯುತ್ಕಣ ಸುತ್ತುತ್ತಲೇ ಬೆಳಕನ್ನು ಸೂಸಬೇಕು, ಸೂಸುತ್ತಲೇ ಶಕ್ತಿಗುಂದಬೇಕು, ಸೆಕೆಂಡಿನ ಶತಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ಬೀಜಕೇಂದ್ರಕ್ಕೆ ಬಿದ್ದು ಪರಮಾಣುವೇ ಕುಸಿಯಬೇಕು. ಹಾಗೆ ಬೀಳುವಾಗ ಹೊರಡುವ ಬೆಳಕಿನಲ್ಲಿ ಬಣ್ಣಗಳು ಒಂದರೊಡನೊಂದು ಬೆರೆತಿರಬೇಕೇ ಹೊರತು ಬಿಡಿಬಿಡಿ ಗೆರೆಗಳಿರಬಾರದು. ಜಗತ್ತು ಹಾಗಿಲ್ಲ. ಉಪ್ಪು ಉಪ್ಪಾಗಿಯೇ ಉಳಿದಿದೆ; ಡಬ್ಬಿಯೊಳಗೆ ಕತ್ತಲೆಯಲ್ಲಿಯೇ ಉಳಿದಿದೆ. ಒಂಬತ್ತನೆಯ ತರಗತಿಯ ಹುಡುಗಿ ಕೇಳಿದ್ದು ಈ ಪ್ರಶ್ನೆಯನ್ನೇ ಎಂಬುದು ನನಗೆ ಆಗ ಹೊಳೆಯಿತು. ನನ್ನ ‘ಉತ್ತ’ ಪ್ರತ್ಯಯದಿಂದ ಹುಟ್ಟಿದ ಪರಮಾಣು ಒಂದು ಕ್ಷಣವೂ ಬಾಳಲಾರದಂಥದು.

ನೀಲ್ಸ್ ಬೋರ್ ಹೇಳಿದುದು ಆ ಕಾಲಕ್ಕೆ ಸಾಹಸದ ಮಾತು. ಎಲೆಕ್ಟ್ರಾನಿಗೆ ಕೆಲವೇ ಶಕ್ತಿಮಟ್ಟಗಳು ವಿಹಿತವಾಗಿವೆ. ಒಂದು ಮಟ್ಟದಲ್ಲಿರುವಷ್ಟು ಕಾಲ ಅದು ಬೆಳಕನ್ನು ಸೂಸದು. ಮೇಲಿನ ಮಟ್ಟದಿಂದ ಕೆಳಗಿನದಕ್ಕೆ ಬಂದಾಗ ಆ ಎರಡರ ನಡುವಣ ಅಂತರಕ್ಕೆ ಸಮನಾದ ಶಕ್ತಿ ಒಂದೇ ಒಂದು ಬೆಳಕಿನ ಕಣವಾಗಿ, ಅಂದರೆ ಫೋಟಾನ್ ಆಗಿ, ಹೊರಡುತ್ತದೆ. ಅಂತರ ದೊಡ್ಡದಾದರೆ ಬೆಳಕು ನೇರಳೆಯ ಕಡೆಗೆ, ಚಿಕ್ಕದಾದರೆ ಕೆಂಪಿನ ಕಡೆಗೆ. ನಮ್ಮ ಹಳೆಯ ಮನೆಗಳ ಅಟ್ಟದ ಏಣಿಯನ್ನು ನೆನೆದರೆ ಇದು ಸುಲಭವಾಗಿ ತಿಳಿದೀತು. ಕಾಲಿಡಲು ಮೆಟ್ಟಿಲುಗಳಿವೆಯೇ ಹೊರತು ನಡುವಣ ಬಯಲಿನಲ್ಲಿ ನಿಲ್ಲಲು ಎಡೆಯಿಲ್ಲ. ಈ ಏಣಿಯ ವಿಶೇಷವೆಂದರೆ ಮೇಲೇರಿದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತವೆ. ಹೈಡ್ರೋಜನ್ನಿನಲ್ಲಿ ಒಂದನೆಯ ಮಟ್ಟದಿಂದ ಎರಡನೆಯದಕ್ಕೆ 10.2 ಎಲೆಕ್ಟ್ರಾನ್ ವೋಲ್ಟುಗಳ ಅಂತರ. ಎರಡರಿಂದ ಮೂರಕ್ಕೆ 1.89 ಮಾತ್ರ. ಮೂರರಿಂದ ಎರಡಕ್ಕೆ ಇಳಿದಾಗ ಹೊರಡುವುದು 656 ನ್ಯಾನೊಮೀಟರ್ ತರಂಗದೂರದ ಕೆಂಪು ಗೆರೆ. ಎರಡರಿಂದ ಒಂದಕ್ಕೆ ಇಳಿದಾಗ ಹೊರಡುವ ಬೆಳಕು ನಮ್ಮ ಕಣ್ಣಿಗೆ ನಿಲುಕದ ಅತಿನೇರಳೆ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಹೈಡ್ರೋಜನ್ನಿನ ಈ ಗೆರೆಗಳ ತರಂಗದೂರಗಳು ಒಂದು ಸರಳ ಸೂತ್ರಕ್ಕೆ ಒಳಪಡುತ್ತವೆಂಬುದನ್ನು 1885ರಲ್ಲಿಯೇ ಕಂಡುಕೊಂಡವನು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಶಾಲಾ ಉಪಾಧ್ಯಾಯ ಬಾಮರ್. ಸೂತ್ರವಿತ್ತು, ಏಕೆ ಹಾಗೆ ಎಂಬುದಕ್ಕೆ ವಿವರಣೆಯಿರಲಿಲ್ಲ. ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಬರೆಯುವ ವೈಯಾಕರಣನ ಕೆಲಸವನ್ನು ಆತ ಮಾಡಿದ್ದ. ಆ ಲಕ್ಷಣಕ್ಕೆ ಕಾರಣ ದೊರೆಯಲು ಇಪ್ಪತ್ತೆಂಟು ವರ್ಷ ಬೇಕಾಯಿತು.

ಒಂದೊಂದು ಧಾತುವಿಗೂ ಒಂದೊಂದು ಏಣಿ ಏಕೆ? ಬೀಜಕೇಂದ್ರದ ವಿದ್ಯುದಂಶವೂ ಎಲೆಕ್ಟ್ರಾನುಗಳ ಸಂಖ್ಯೆಯೂ ಧಾತುವಿನಿಂದ ಧಾತುವಿಗೆ ಬೇರೆಯಾಗುವುದರಿಂದ ಮೆಟ್ಟಿಲುಗಳ ಅಂತರವೂ ಬೇರೆಯಾಗುತ್ತದೆ. ಸೋಡಿಯಂನಲ್ಲಿ ಹನ್ನೊಂದು ಎಲೆಕ್ಟ್ರಾನುಗಳಿವೆ. ಒಳಗಿನ ಎರಡು ಮತ್ತು ಎಂಟು ಭದ್ರವಾಗಿ ನೆಲೆಗೊಂಡಿವೆ. ಹೊರಗಿನ ಒಂದು ಸಡಿಲ. ಒಲೆಯ ಉರಿಗೆ ಬಿದ್ದ ಉಪ್ಪು ಆವಿಯಾಗಿ ಅದರಿಂದ ಸೋಡಿಯಂ ಪರಮಾಣುಗಳು ಬಿಡಿಯಾಗುತ್ತವೆ; ಉರಿಯ ತಾಪ ಆ ಒಂಟಿ ಎಲೆಕ್ಟ್ರಾನನ್ನು 2.1 ಎಲೆಕ್ಟ್ರಾನ್ ವೋಲ್ಟಿನಷ್ಟು ಮೇಲಕ್ಕೆ ತಳ್ಳುತ್ತದೆ. ಅದು ಅಲ್ಲಿ ಸರಾಸರಿ 16 ನ್ಯಾನೊಸೆಕೆಂಡು ತಂಗಿ ಮತ್ತೆ ಕೆಳಕ್ಕೆ ಬರುತ್ತದೆ. ಅದು ಬಿಟ್ಟುಕೊಟ್ಟ ಶಕ್ತಿಯೇ ನಮಗೆ ಹಳದಿಯಾಗಿ ಕಾಣುತ್ತದೆ. ಸೂಕ್ಷ್ಮವಾಗಿ ನೋಡಿದರೆ ಅದು ಒಂದು ಗೆರೆಯಲ್ಲ, 589.0 ಮತ್ತು 589.6 ನ್ಯಾನೊಮೀಟರಿನ ಅವಳಿ ಗೆರೆ. ಡಬ್ಬಿಯಲ್ಲಿರುವ ಉಪ್ಪಿಗೆ ಮೇಲಕ್ಕೆ ತಳ್ಳುವ ತಾಪವಿಲ್ಲ. ಮೇಲೇರದುದು ಇಳಿಯುವ ಪ್ರಶ್ನೆಯೇ ಇಲ್ಲ.

3

ಇಷ್ಟಾದರೂ ನನ್ನ ಹೊತ್ತಗೆಯಲ್ಲಿ ಇನ್ನೊಂದು ದೋಷ ಉಳಿದಿತ್ತು. ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪು ಗೆರೆಗಳನ್ನು ಕುರಿತು ನಾನು ‘ಬೆಳಕಿನ ಅಭಾವದ ಗೆರೆಗಳು’ ಎಂದು ಬರೆದಿದ್ದೆ. ಈ ಗೆರೆಗಳನ್ನು 1802ರಲ್ಲಿ ವೊಲಾಸ್ಟನ್ ಗುರುತಿಸಿದ್ದನು. 1814ರಲ್ಲಿ ಜರ್ಮನಿಯ ಗಾಜುಕುಶಲಿ ಫ್ರೌನ್‌ಹೋಫರ್ ಅವುಗಳಲ್ಲಿ ಐನೂರಕ್ಕೂ ಹೆಚ್ಚಿನವುಗಳ ನೆಲೆಗಳನ್ನು ಅಳೆದು, ಮುಖ್ಯವಾದವುಗಳಿಗೆ ಅಕ್ಷರಗಳ ಹೆಸರಿಟ್ಟನು. ಹಳದಿಯ ಎಡೆಯಲ್ಲಿದ್ದ ಅವಳಿ ಕಪ್ಪು ಗೆರೆಗೆ ‘ಡಿ’ ಎಂಬ ಹೆಸರಾಯಿತು. ಉಪ್ಪಿನ ಉರಿಯ ಅವಳಿ ಹಳದಿ ಗೆರೆಯೂ ಇದೂ ಒಂದೇ ನೆಲೆಯಲ್ಲಿವೆಯೆಂಬುದು ಅವನನ್ನೂ ಬೆರಗುಗೊಳಿಸಿದ್ದ ಸಂಗತಿ.

‘ಅಭಾವ’ ಎಂಬ ಮಾತನ್ನು ಓದಿದ ಮಿತ್ರರು ಏನೂ ಹೇಳದೆ, “ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂಬದಿಯ ಗೇಟಿನ ಹತ್ತಿರ ಬನ್ನಿ ಮೇಷ್ಟ್ರೇ” ಎಂದರು. ವಿಶ್ವವಿದ್ಯಾನಿಲಯದ ಆವರಣದಲ್ಲಿ ಆ ವೇಳೆಗೆ ಬಹುಪಾಲು ಎಲ್ಇಡಿ ದೀಪಗಳು ಬಂದಿದ್ದವು. ಹಿಂಬದಿಯ ಗೇಟಿನಲ್ಲಿ ಮಾತ್ರ ಹಳೆಯ ಸೋಡಿಯಂ ದೀಪವೊಂದು ಉಳಿದಿತ್ತು. ಅವರು ಕೈಯಲ್ಲಿ ಹಿಡಿದು ನೋಡುವ ಪುಟ್ಟ ರೋಹಿತದರ್ಶಕವೊಂದನ್ನು ತಂದಿದ್ದರು. ದೀಪ ಹೊತ್ತಿಕೊಂಡ ಕೆಲವು ಹೊತ್ತಿನಲ್ಲಿ ಅದರೊಳಗೆ ಹಳದಿಯ ಒಂದು ಗೆರೆ ಪ್ರಕಾಶಮಾನವಾಗಿ ಕಾಣಿಸಿತು. ದೀಪ ಕಾಯುತ್ತ ಹೋದಂತೆ ಆ ಗೆರೆ ಅತ್ತಿತ್ತ ಅಗಲವಾಗತೊಡಗಿತು. ಇನ್ನೂ ಕೆಲವು ನಿಮಿಷಗಳಲ್ಲಿ, ಮೊದಲು ಎಲ್ಲಿ ಅತ್ಯಂತ ಹೊಳಪಿತ್ತೋ ಸರಿಯಾಗಿ ಅದೇ ನಡುಭಾಗದಲ್ಲಿ, ಒಂದು ಕಪ್ಪು ಸೀಳು ಮೂಡಿತು. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅದು ಅಲ್ಲಿಯೇ ಇತ್ತು.

ಆ ದೀಪದ ನಡುವಿನಲ್ಲಿ ಸೋಡಿಯಂ ಆವಿ ತೀವ್ರವಾಗಿ ಕಾದಿರುತ್ತದೆ. ಗೋಡೆಯ ಬಳಿಯ ಆವಿ ಅಷ್ಟು ಕಾದಿರುವುದಿಲ್ಲ. ಒಳಗಿನ ಪರಮಾಣುಗಳು ಕಳಿಸಿದ ಹಳದಿಯನ್ನು ಹೊರಗಿನ ಪರಮಾಣುಗಳು ಹೀರುತ್ತವೆ. ಇಳಿಯುವಾಗ ಬಿಟ್ಟುಕೊಡುವುದೂ ಏರುವಾಗ ಬೇಡುವುದೂ ಒಂದೇ ಮೊತ್ತವಾದುದರಿಂದ ಸೂಸುವ ಗೆರೆಯೂ ಹೀರುವ ಗೆರೆಯೂ ಒಂದೇ ನೆಲೆಯಲ್ಲಿ ಬೀಳುತ್ತವೆ. ಸರಿಯಾದ ಚಿಲ್ಲರೆಯನ್ನೇ ಕೇಳುವ ಬಸ್ಸಿನ ಕಂಡಕ್ಟರನಂತೆ ಪರಮಾಣು ತನ್ನ ಮೊತ್ತಕ್ಕೆ ಹೊಂದುವ ಫೋಟಾನನ್ನು ಮಾತ್ರ ತೆಗೆದುಕೊಂಡು, ಉಳಿದವುಗಳನ್ನು ಹಾಗೆಯೇ ಹೋಗಗೊಡುತ್ತದೆ. 1859ರಲ್ಲಿ ಕಿರ್ಖಾಫ್ ಮಾಡಿದ ಪ್ರಯೋಗದ ತಿರುಳೂ ಇದೇ. ಪ್ರಖರವಾದ ಬಿಸಿಲನ್ನು ಉಪ್ಪಿನ ಉರಿಯ ಮೂಲಕ ಹಾಯಿಸಿದಾಗ, ಹಳದಿ ಬೆಳಕು ಬೆರೆತು ಕಪ್ಪು ಗೆರೆ ಮಾಸುವುದರ ಬದಲು ಇನ್ನಷ್ಟು ಕಪ್ಪಾಯಿತು. ಸೂರ್ಯನ ಹೊರಪದರದಲ್ಲಿ ಸೋಡಿಯಂ ಇದೆಯೆಂದು ಅವನು ಇದರಿಂದ ನಿರ್ಣಯಿಸಿದನು.

“ಹಾಗಾದರೆ ಹೀರಿದ ಬೆಳಕು ನಾಶವಾಯಿತೆ?” ಎಂದು ನಾನು ಕೇಳಿದೆ. ಹೀರಿದ ಪರಮಾಣು ಅದನ್ನು ಬಹುಪಾಲು ಮತ್ತೆ ಸೂಸುತ್ತದೆ; ಆದರೆ ಬಂದ ದಿಕ್ಕಿಗಲ್ಲ, ಎಲ್ಲ ದಿಕ್ಕುಗಳಿಗೂ. ನಮ್ಮ ಕಣ್ಣಿನತ್ತ ಬರಬೇಕಾದುದರಲ್ಲಿ ಅಷ್ಟು ಕೊರತೆ ಬೀಳುತ್ತದೆ. ಸೂರ್ಯನ ಕಪ್ಪು ಗೆರೆಗಳಲ್ಲಿಯೂ ಸ್ವಲ್ಪ ಬೆಳಕಿರುತ್ತದೆ. ಅಕ್ಕಪಕ್ಕದ ಪ್ರಖರತೆಯ ಎದುರು ಕಪ್ಪಾಗಿ ತೋರುತ್ತದೆ, ಅಷ್ಟೆ. ಆದುದರಿಂದ ‘ಅಭಾವ’ ಎಂಬ ಪದ ಇಲ್ಲಿ ಸಲ್ಲದು. ಆ ಗೆರೆ ಯಾವುದೋ ಒಂದರ ಇಲ್ಲದಿರುವಿಕೆಯಲ್ಲ. ನಡುವೆ ಯಾರೋ ನಿಂತಿರುವುದಕ್ಕೆ ಸಾಕ್ಷಿ.

4

ಈ ಸಾಕ್ಷಿಯನ್ನು ಓದಲು ಕಲಿತುದರ ಪರಿಣಾಮ ಅಗಾಧವಾದುದು. ನಕ್ಷತ್ರಗಳ ರಾಸಾಯನಿಕ ರಚನೆಯನ್ನು ಮನುಷ್ಯ ಎಂದಿಗೂ ಅರಿಯಲಾರನೆಂದು ಫ್ರೆಂಚ್ ತತ್ತ್ವಜ್ಞ ಆಗಸ್ಟ್ ಕೋಂತ್ 1835ರಲ್ಲಿ ಬರೆದನು. ಕಾಲು ಶತಮಾನ ಕಳೆಯುವುದರೊಳಗೆ ಆ ಮಾತು ಸುಳ್ಳಾಯಿತು. ಬುನ್ಸೆನ್ ಮತ್ತು ಕಿರ್ಖಾಫ್ 1860 ಮತ್ತು 1861ರಲ್ಲಿ ರೋಹಿತದ ಗೆರೆಗಳಿಂದಲೇ ಎರಡು ಹೊಸ ಧಾತುಗಳನ್ನು ಕಂಡುಹಿಡಿದು, ಗೆರೆಗಳ ಬಣ್ಣವನ್ನು ಹೇಳುವ ಲ್ಯಾಟಿನ್ ಪದಗಳಿಂದ ಅವುಗಳಿಗೆ ಹೆಸರಿಟ್ಟರು. ಸೀಸಿಯಂ ಎಂದರೆ ಬಾನಿನ ನೀಲಿಯದು, ರುಬಿಡಿಯಂ ಎಂದರೆ ಕಡುಗೆಂಪಿನದು.

ಈ ಕಥೆಯ ಒಂದು ಅಧ್ಯಾಯ ನಮ್ಮ ನೆಲದಲ್ಲಿಯೂ ನಡೆದಿದೆಯೆಂಬುದನ್ನು ನಾನು ಬಹಳ ತಡವಾಗಿ ತಿಳಿದೆ. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣದ ಪಥ ಬಿಜಾಪುರ, ಜಮಖಂಡಿಗಳ ಸೀಮೆಯನ್ನು ಹಾದು ಗುಂಟೂರಿನತ್ತ ಸಾಗಿತ್ತು. ಜಮಖಂಡಿಯಲ್ಲಿ ರೋಹಿತದರ್ಶಕದೊಡನೆ ಬೀಡುಬಿಟ್ಟವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಹೆಸರಾಂತ ಖಗೋಳಜ್ಞ ಸರ್ ಜಾನ್ ಹರ್ಷೆಲನ ಮಗ. ಮಳೆಗಾಲದ ಮೋಡಗಳ ಸಂದಿನಲ್ಲಿ ಅವನಿಗೆ ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳ ಹೊಳೆಯುವ ಗೆರೆಗಳು ಕಂಡವು. ಗುಂಟೂರಿನಲ್ಲಿ ಜಾನ್ಸೆನ್‌ನಿಗೂ ಕಂಡವು. ಸೂರ್ಯಬಿಂಬ ಮರೆಯಾಗಿ, ಹಿಂದಿನ ಪ್ರಖರ ಬೆಳಕು ಇಲ್ಲವಾದೊಡನೆ, ಎಂದಿನ ಕಪ್ಪು ಗೆರೆಗಳ ಎಡೆಯಲ್ಲಿ ಹೊಳೆಯುವ ಗೆರೆಗಳು ಕಾಣಬರುತ್ತವೆ. ಹಳದಿಯ ಎಡೆಯಲ್ಲಿ ಕಂಡ ಗೆರೆ ಸೋಡಿಯಂನದೇ ಎಂದು ಮೊದಲು ತೋರಿದ್ದರೂ ಅದರ ನೆಲೆ ತುಸು ಬೇರೆ, 587.6 ನ್ಯಾನೊಮೀಟರು. ಯಾವ ಧಾತುವಿನ ಏಣಿಗೂ ಅದು ಹೊಂದಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಆ ಗೆರೆಯನ್ನು ಪರಿಶೀಲಿಸಿದ ಲಾಕಿಯರ್ ಅದು ಸೋಡಿಯಂನದಲ್ಲವೆಂದು ಕಂಡುಕೊಂಡನು. ಹೊಸದೆಂದು ಬಗೆದ ಆ ಧಾತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂದಿತು. ಭೂಮಿಯ ಮೇಲೆ ಅದು ರ‍್ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. ಎರಡು ನ್ಯಾನೊಮೀಟರಿಗೂ ಕಡಿಮೆ ಅಂತರವನ್ನು ಅಲಕ್ಷಿಸದಿದ್ದುದರ ಫಲ ಒಂದು ಹೊಸ ಧಾತು! ಒಂದು ಪ್ರತ್ಯಯವನ್ನು ಅಲಕ್ಷಿಸಿದ ನನಗೆ ಈ ಪ್ರಸಂಗ ಬೇರೆ ಬಗೆಯ ಪಾಠವಾಗಿ ಕಂಡಿತು.

ಗೆರೆಗಳನ್ನು ಓದುವುದರಲ್ಲಿ ಇನ್ನೊಂದು ಎಚ್ಚರವೂ ಬೇಕು. ಸೂರ್ಯನ ರೋಹಿತದಲ್ಲಿ ಎದ್ದುಕಾಣುವ ಗೆರೆಗಳು ಕ್ಯಾಲ್ಸಿಯಂನವು. ಹೈಡ್ರೋಜನ್ನಿನ ಗೆರೆಗಳು ಅಷ್ಟು ಗಾಢವಲ್ಲ. ಹಾಗೆಂದು ಸೂರ್ಯನಲ್ಲಿ ಕ್ಯಾಲ್ಸಿಯಂ ಹೆಚ್ಚೆಂದು ತಿಳಿದರೆ ಪ್ರಮಾದ. ಹೈಡ್ರೋಜನ್ ಪರಮಾಣು 656ರ ಕೆಂಪನ್ನು ಹೀರಬೇಕಾದರೆ ಅದರ ಎಲೆಕ್ಟ್ರಾನು ಮೊದಲೇ ಎರಡನೆಯ ಮೆಟ್ಟಿಲಿನಲ್ಲಿರಬೇಕು. ಸೂರ್ಯನ ಮೇಲ್ಮೈಯ ಸುಮಾರು 5,500 ಸೆಲ್ಸಿಯಸ್ ತಾಪದಲ್ಲಿ ಅಂಥ ಪರಮಾಣು ಕೋಟಿಗೆ ಒಂದೂ ಇರುವುದಿಲ್ಲ. ತಾಪಕ್ಕೆ ತಕ್ಕಂತೆ ಎಷ್ಟು ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುತ್ತವೆಂಬುದನ್ನು ಲೆಕ್ಕಹಾಕುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ನಮ್ಮವರೇ ಆದ ಮೇಘನಾದ ಸಹಾ. ಅದನ್ನು ಆಧರಿಸಿ 1925ರಲ್ಲಿ ಸಿಸಿಲಿಯಾ ಪೇನ್ ತಮ್ಮ ಸಂಶೋಧನ ಪ್ರಬಂಧದಲ್ಲಿ ನಕ್ಷತ್ರಗಳಲ್ಲಿ ಹೇರಳವಾಗಿರುವುದು ಹೈಡ್ರೋಜನ್ ಎಂಬ ಲೆಕ್ಕವನ್ನು ಮುಂದಿಟ್ಟರು. ಹಿರಿಯರ ಆಕ್ಷೇಪಕ್ಕೆ ಮಣಿದು ಆ ಫಲಿತಾಂಶ ಬಹುಶಃ ನಿಜವಲ್ಲವೆಂದು ತಾವೇ ಬರೆಯಬೇಕಾಯಿತು; ಕೆಲವೇ ವರ್ಷಗಳಲ್ಲಿ ಅದು ನಿಜವೆಂದು ಎಲ್ಲರೂ ಒಪ್ಪಿದರು. ಪಠ್ಯದಲ್ಲಿ ಎದ್ದುಕಾಣುವುದೇ ಪಠ್ಯದ ಮುಖ್ಯಾರ್ಥವಲ್ಲವೆಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಹೊಸದೇನಲ್ಲ.

5

ಕೊನೆಗೆ ತಿದ್ದುಪಡಿಯ ಮಾತು. ಹೊಸ ವಾಕ್ಯವನ್ನು ಬರೆಯಲು ಕುಳಿತಾಗ ‘ಇಳಿಯುತ್ತ’ ಎಂಬುದನ್ನು ‘ಇಳಿದು’ ಎಂದು ಮಾಡಿದರೆ ಸಾಕೆಂದುಕೊಂಡಿದ್ದೆ. ಅದೂ ಸರಿಹೋಗಲಿಲ್ಲ. ‘ಇಳಿದು ಸೂಸುತ್ತದೆ’ ಎಂದರೆ ಇಳಿಯುವುದು ಮೊದಲು, ಸೂಸುವುದು ಆಮೇಲೆ ಎಂದಾಗುತ್ತದೆ. ಮಟ್ಟ ಬದಲಾಗುವುದೂ ಫೋಟಾನ್ ಹೊರಡುವುದೂ ಎರಡು ಘಟನೆಗಳಲ್ಲ, ಒಂದೇ ಘಟನೆಯ ಎರಡು ಹೆಸರು. ಅಷ್ಟೇ ಅಲ್ಲ, ‘ಸುತ್ತುತ್ತದೆ’ ಎಂಬ ಕ್ರಿಯಾಪದವೇ ಈಗ ರೂಪಕವಾಗಿ ಉಳಿದಿದೆ. 1925-26ರಲ್ಲಿ ಹೈಸೆನ್‌ಬರ್ಗ್ ಮತ್ತು ಶ್ರೋಡಿಂಗರ್ ರೂಪಿಸಿದ ಕ್ವಾಂಟಂ ಸಿದ್ಧಾಂತದಲ್ಲಿ ಗ್ರಹಗಳಂಥ ಕಕ್ಷೆಗಳಿಲ್ಲ. ಬೋರ್ ಹೇಳಿದ ಶಕ್ತಿಮಟ್ಟಗಳು ಮಾತ್ರ ಉಳಿದುಕೊಂಡವು. ಬಹಳ ಯೋಚಿಸಿ ಕೊನೆಗೆ ಹೀಗೆ ಬರೆದೆ: ‘ಎಲೆಕ್ಟ್ರಾನು ತನ್ನ ಕನಿಷ್ಠ ಶಕ್ತಿಮಟ್ಟದಲ್ಲಿರುವಷ್ಟು ಕಾಲ ಬೆಳಕನ್ನು ಸೂಸುವುದಿಲ್ಲ. ಮೇಲಿನ ಮಟ್ಟಕ್ಕೆ ಏರಿದ ಎಲೆಕ್ಟ್ರಾನು ಕೆಳಗಿನ ಮಟ್ಟಕ್ಕೆ ಬಂದಾಗ ಆ ಎರಡರ ಅಂತರಕ್ಕೆ ಸಮನಾದ ಶಕ್ತಿಯ ಬೆಳಕು ಹೊರಡುತ್ತದೆ. ಅಷ್ಟೇ ಶಕ್ತಿಯ ಬೆಳಕನ್ನು ಹೀರಿದಾಗ ಅದು ಮತ್ತೆ ಮೇಲೇರುತ್ತದೆ.’ ಇವು ಮೂರು ಬಿಡಿ ವಾಕ್ಯಗಳು. ಇವುಗಳಲ್ಲಿ ಗೋಷ್ಠಿಯಲ್ಲಿ ಮೆರೆಸುವಂಥ ಸೊಗಸಿಲ್ಲ. ಹಿಂದೆ ನಾನು ಪುನರುಕ್ತಿಯೆಂದು ಕೈಬಿಟ್ಟಿದ್ದ ‘ಸೂಸುವುದಿಲ್ಲ’ ಎಂಬ ನಿಷೇಧವೇ ಈಗ ಮೊದಲ ವಾಕ್ಯವಾಗಿ ನಿಂತಿದೆ.

ಇದನ್ನು ಒಂದು ಕಾಗದದಲ್ಲಿ ಬರೆದು ಆ ವಿದ್ಯಾರ್ಥಿನಿಗೆ ಕಳುಹಿಸಿದೆ. ಪ್ರಶ್ನೆ ಕೇಳಿದ ಹುಡುಗಿಗೆ ಅದನ್ನು ಓದಿ ಹೇಳಬೇಕೆಂದೂ ತಪ್ಪು ಪುಸ್ತಕ ಬರೆದವರದೆಂದು ತಿಳಿಸಬೇಕೆಂದೂ ಕೇಳಿಕೊಂಡೆ. ಈ ಇಪ್ಪತ್ತು ವರ್ಷಗಳಲ್ಲಿ ಆ ಹೊತ್ತಗೆಯನ್ನು ಓದಿ, ಪ್ರಶ್ನಿಸದೆ, ನನ್ನ ವಾಕ್ಯವನ್ನೇ ನಂಬಿದವರು ಎಷ್ಟು ಮಂದಿಯೋ! ಅವರಿಗೆಲ್ಲ ಕಾಗದ ಬರೆಯಲಾರೆ. ವಿಜ್ಞಾನದ ಅನುವಾದಕ್ಕೆ ಮುಂದೆ ಕೈಹಾಕುವ ಕನ್ನಡ ಅಧ್ಯಾಪಕರು ಪದಕೋಶದ ಜೊತೆಗೆ ವ್ಯಾಕರಣವನ್ನೂ ತೆರೆದಿಟ್ಟುಕೊಳ್ಳಲಿ, ಪದಗಳನ್ನು ತೋರಿಸಿದಂತೆಯೇ ವಾಕ್ಯಗಳನ್ನೂ ವಿಷಯತಜ್ಞರಿಗೆ ಓದಿ ಹೇಳಲಿ ಎಂದಷ್ಟೇ ಕೋರುತ್ತೇನೆ. ಹಿಂಬದಿಯ ಗೇಟಿನ ಆ ದೀಪವನ್ನು ಈಚೆಗೆ ಬದಲಾಯಿಸಿದ್ದಾರೆ. ಮನೆಯಲ್ಲಿ ಗಂಜಿ ಉಕ್ಕಿ ಉರಿ ಹಳದಿಯಾದಾಗಲೆಲ್ಲ ನಾನು ಒಲೆಯನ್ನು ತಗ್ಗಿಸುವ ಮುನ್ನ ಒಂದು ಕ್ಷಣ ನಿಂತು ನೋಡುತ್ತೇನೆ.